ಬಾಯ್ಲರಿಗೆ ಇಟ್ಟ ಕುಂಕುಮ

ಕಳೆದ ತಿಂಗಳು ಮಗಳ ಜೊತೆ ಮ್ಯಾಕಲ್ಸ್‌ಫೀಲ್ಡಿನ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಯಾವುದೋ ದೋಣಿಯ ಚಿಮಣಿಯಿಂದ ಕಲ್ಲಿದ್ದಲ ಹೊಗೆ ಬಂತು, ಅದರ ಬೆನ್ನಿಗೇ ಕಾದ ಎಣ್ಣೆಯ ವಾಸನೆ. ನನ್ನ ಕಾಲು ಅಲ್ಲೇ ನಿಂತಿತು. ಮಗಳು ಮೂಗು ಹಿಡಿದುಕೊಂಡು, "ಮಮ್ಮಿ, ದಟ್ಸ್ ಡಿಸ್ಗಸ್ಟಿಂಗ್" ಎಂದಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸುಮ್ನಿರೇ, ಇದು ನಮ್ಮಜ್ಜನ ವಾಸನೆ" ಎಂದೆ.

ಅವಳಿಗೆ ಗೊತ್ತಿರುವ ನನ್ನ ಅಜ್ಜ ಮಂಡ್ಯದವರು, ಫೋಟೋದಲ್ಲಿ ಪೇಟ ಸುತ್ತಿಕೊಂಡು ಕೂತವರು. ಅವರಿಗೂ ಕಲ್ಲಿದ್ದಲಿಗೂ ಏನು ಸಂಬಂಧ ಎಂದು ಅವಳು ಕೇಳಿದಳು. ಇದು ಇನ್ನೊಬ್ಬ ಅಜ್ಜನ ಕತೆ ಎಂದು ಶುರು ಮಾಡಿದೆ. ಮನೆ ಮುಟ್ಟುವ ತನಕ ಹೇಳಿದರೂ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಮೂರನೆಯ ಇಸವಿ. ನಾನು ಈ ಊರಿಗೆ ಬಂದು ಐದು ತಿಂಗಳಾಗಿತ್ತು. ಗಿರೀಶ ಮೊದಲು ನನ್ನ ಇಂಜಿನಿಯರಿಂಗ್ ಸಹಪಾಠಿ, ಆಮೇಲೆ ಗಂಡ. ಧಾರವಾಡದವನು. ಅವನಿಗೆ ಇಲ್ಲಿನ ಔಷಧ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಂದು ರೋಟಾ, ಒಮ್ಮೆ ಬೆಳಗಿನ ಪಾಳಿ, ಒಮ್ಮೆ ಮಧ್ಯಾಹ್ನದ್ದು. ನನಗೆ ಕೆಲಸವಿಲ್ಲ. ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬಿನ ಸಿಪ್ಪೆ ಉರಿಸಿ ಉಗಿ ಮಾಡುವ ಬಾಯ್ಲರ್ ಮನೆಯಲ್ಲಿ, ಎರಡೂವರೆ ವರ್ಷ ಇಂಜಿನಿಯರಾಗಿದ್ದವಳು ನಾನು. ಅಲ್ಲಿ ನಾನೊಬ್ಬಳೇ ಹೆಂಗಸು. ಇಲ್ಲಿ ಅರ್ಜಿ ಹಾಕಿದ ಕಡೆಯಿಂದೆಲ್ಲ ವಿನಯದ ಪತ್ರಗಳು ಬರುತ್ತಿದ್ದವು. ಇಂಗ್ಲಿಷರು 'ಇಲ್ಲ' ಎನ್ನುವುದನ್ನು ಎಷ್ಟು ಚಂದ ಹೇಳುತ್ತಾರೆಂದರೆ, ಎರಡನೆಯ ಸಲ ಓದುವವರೆಗೂ ಕೆಲಸ ಸಿಕ್ಕಿತೆಂದೇ ಅನ್ನಿಸುತ್ತದೆ. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಹಾಗೆ ನಾನು ದಿನಕ್ಕೆರಡು ಸಲ ಅಡುಗೆಮನೆಯ ಕಪಾಟುಗಳನ್ನು ಒರೆಸಿ ಗಿರೀಶನ ತಲೆ ತಿನ್ನುತ್ತಿದ್ದೆ.

ಏಪ್ರಿಲ್‌ನ ಒಂದು ಬೆಳಗ್ಗೆ ಹಾಲು ತರಲು ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಒಂದು ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಕಾರಿರಲಿಲ್ಲ. ಉದ್ದನೆಯ ಹಳೆಯ ದೋಣಿ, ಅದರ ನಡುವೆ ನನ್ನ ಭುಜದೆತ್ತರದ ಒಂದು ಬಾಯ್ಲರು! ಪರದೇಶದ ಸಂತೆಯಲ್ಲಿ ತವರಿನವರನ್ನು ಕಂಡ ಹಾಗಾಯಿತು. ಕಾಲು ತಾನಾಗಿ ಒಳಗೆ ಹೋಯಿತು. ಬಾಯ್ಲರಿನ ಹಿಂದಿನಿಂದ ಒಬ್ಬ ಮುದುಕರು ಎದ್ದರು. ಎತ್ತರದ ಆಳು, ಕೊರಳಿನಿಂದ ಕಾಲಿನವರೆಗೆ ಒಂದೇ ತುಂಡಿನ ನೀಲಿ ಬಾಯ್ಲರ್ ಸೂಟು, ಅದಕ್ಕೊಂದು ಟೈ. ಕೋಳಿ ಕಾಳು ನೋಡುವಾಗ ಮಾಡುವಂತೆ ಮುಖ ಓರೆ ಮಾಡಿ ನನ್ನನ್ನು ನೋಡಿದರು.

"ಏನಾದರೂ ಕಳೆದುಹೋಯಿತಾ?" ಎಂದು ಕೇಳಿದರು. ಅವರು ಆಡಿದ್ದು ಇಂಗ್ಲಿಷೇ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ.

"ಇಲ್ಲ. ನಾನು ಬಾಯ್ಲರ್ ಇಂಜಿನಿಯರ್" ಎಂದೆ. ಐದು ತಿಂಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ನಗಲಿಲ್ಲ. "ಹಾಗಾದರೆ ಹೇಳು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ, ಹೇಗೆ ಪರೀಕ್ಷೆ ಮಾಡ್ತೀಯ?"

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೆಳಗಿನ ನಲ್ಲಿ ಬಿಡಬೇಕು, ನೀರಿನ ದಾರಿ ಮುಚ್ಚಿ ಉಗಿ ಬರುತ್ತದೆಯೇ ನೋಡಬೇಕು, ಉಗಿಯ ದಾರಿ ಮುಚ್ಚಿ ನೀರು ಬರುತ್ತದೆಯೇ ನೋಡಬೇಕು, ಆಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಬೇಕು. ಅವರು ಕೊನೆಯವರೆಗೂ ಕೇಳಿಸಿಕೊಂಡರು. "ಹಾಲು ಎಷ್ಟು, ಸಕ್ಕರೆ ಎಷ್ಟು?" ಎಂದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಾನು ಪಾಸಾಗಿದ್ದೆ, ಟೀ ಬರುವುದಿತ್ತು.

ಅವರ ಹೆಸರು ಹೆರಾಲ್ಡ್. ಬ್ರಿಟಿಷ್ ನೌಕಾಪಡೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಇಂಜಿನಿಯರ್ ಅಧಿಕಾರಿ. ಓಣಿಯವರೆಲ್ಲ ಕಮಾಂಡರ್ ಎನ್ನುತ್ತಿದ್ದರು. ನಾನು ಮೂರನೆಯ ದಿನಕ್ಕೆ ಅಜ್ಜ ಎಂದೆ. ಅರ್ಥ ಕೇಳಿ ತಿಳಿದುಕೊಂಡು, "ಕಮಾಂಡರ್‌ಗಿಂತ ಮೇಲಿನ ಹುದ್ದೆಯೋ ಕೆಳಗಿನದೋ?" ಎಂದರು. ಮೇಲಿನದು ಎಂದೆ. ಒಪ್ಪಿಕೊಂಡರು. ನನ್ನನ್ನು ಅವರು 'ಚೀಫ್' ಎನ್ನತೊಡಗಿದರು. ಇಂಜಿನ್ ಕೋಣೆಯಲ್ಲಿ ಅಧಿಕಾರಿಗಳು ಬರುತ್ತಾರೆ ಹೋಗುತ್ತಾರೆ, ಹಡಗು ಓಡಿಸುವವನು ಚೀಫ್ ಎಂದು ವಿವರಣೆ ಕೊಟ್ಟರು.

ಟೀ ಕುಡಿಯುವ ಹೊತ್ತಿನಲ್ಲಿ ಅವರ ಕತೆ ತುಂಡು ತುಂಡಾಗಿ ಬರುತ್ತಿತ್ತು. ಈ ಊರಿನ ರೇಷ್ಮೆ ಗಿರಣಿಯೊಂದರಲ್ಲಿ ಅವರ ತಾಯಿ ದುಡಿಯುತ್ತಿದ್ದರಂತೆ. ಅಮ್ಮನಿಗೆ ಬುತ್ತಿ ಕೊಡಲು ಹೋದಾಗಲೆಲ್ಲ ಇವರು ಗಿರಣಿಯ ಉಗಿ ಇಂಜಿನ್ನಿನ ಮುಂದೆ ನಿಂತುಬಿಡುತ್ತಿದ್ದರಂತೆ. ಹದಿನಾರಕ್ಕೆ ನೌಕಾಪಡೆ ಸೇರಿದರು. ಮೊದಲ ಆರು ತಿಂಗಳು ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಸರಿಯಾದ ಚೌಕ ಮಾಡುವುದೇ ಕೆಲಸ. "ಆಮೇಲೆ ಅದನ್ನು ಸಮುದ್ರಕ್ಕೆ ಎಸೆದರು" ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯುದ್ಧದಲ್ಲಿ ಉತ್ತರದ ಹಿಮಸಮುದ್ರದಲ್ಲಿ ಸರಕು ಹಡಗುಗಳ ಕಾವಲಿಗೆ ಹೋದ ಹಡಗಿನಲ್ಲಿದ್ದರು. ಮೇಲೆ ಡೆಕ್ಕಿನವರ ಮೀಸೆಗೆ ಮಂಜು ಕಟ್ಟುತ್ತಿದ್ದರೆ ಕೆಳಗೆ ಇವರು ಬನಿಯನ್ನಿನಲ್ಲಿ ಬೆವರುತ್ತಿದ್ದರು. ಆಮೇಲೆ ಪೂರ್ವಕ್ಕೆ, ಸಿಂಹಳದ ತ್ರಿಂಕೋಮಲಿಗೆ.

"ಹೇಗಿತ್ತು ಅಜ್ಜ, ತ್ರಿಂಕೋಮಲಿ?" ಎಂದು ಆಸೆಯಿಂದ ಕೇಳಿದೆ. ನಮ್ಮ ಕಡೆಯ ಊರು, ತೆಂಗಿನ ಮರದ ಸುದ್ದಿಯಾದರೂ ಬರಬಹುದೆಂದು.

"ಬಿಸಿ."

"ನೋಡೋಕೆ ಹೇಗಿತ್ತು ಅಂದೆ."

"ನೋಡಲಿಲ್ಲ."

ಆಗ ನನಗೆ ಅವರ ಬದುಕು ಅರ್ಥವಾಯಿತು. ಇಂಜಿನ್ ಕೋಣೆ ಇರುವುದು ನೀರಿನ ಮಟ್ಟದ ಕೆಳಗೆ. ಅಲ್ಲಿ ಕಿಟಕಿಯಿಲ್ಲ. ಮೇಲಿನವರು ಒಂದು ಗಂಟೆ ಬಾರಿಸಿದರೆ ಹಡಗು ಮುಂದೆ, ಇನ್ನೊಂದು ಬಾರಿಸಿದರೆ ಹಿಂದೆ. ಹಡಗು ಬಂದರಿಗೆ ಬರುವಾಗ ಮೇಲಿನವರೆಲ್ಲ ಬಿಳಿ ಉಡುಪು ತೊಟ್ಟು ಸಾಲಾಗಿ ನಿಲ್ಲುತ್ತಾರೆ, ಬ್ಯಾಂಡು ಬಾರಿಸುತ್ತದೆ, ದಡದಲ್ಲಿ ಹೆಂಡಿರು ಮಕ್ಕಳು ಕೈ ಬೀಸುತ್ತಾರೆ. ಇಂಜಿನಿಯರು ಮಾತ್ರ ಕೆಳಗೆ ಗೇಜು ನೋಡುತ್ತಿರಬೇಕು. ಇಂಜಿನ್ ಕೆಲಸ ಮುಗಿಯಿತು ಎಂಬ ಕೊನೆಯ ಗಂಟೆ ಬಾರಿಸಿದ ಮೇಲೂ ಒಂದು ತಾಸಿನ ಕೆಲಸ ಇರುತ್ತದೆ. ಇವರ ಹೆಂಡತಿ ಮಾರ್ಜರಿ ದೂರಕ್ಕೂ ಕಾಣಲಿ ಎಂದು ಹಳದಿ ಟೋಪಿ ಹಾಕಿಕೊಂಡು ಬಂದು ಕೈ ಬೀಸುತ್ತಿದ್ದರಂತೆ, ಪ್ರತಿ ಸಲವೂ. ಅಜ್ಜ ಮೇಲೆ ಬರುವ ಹೊತ್ತಿಗೆ ದಡ ಖಾಲಿಯಾಗಿ, ಆಕೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು.

"ನನಗೆ ಕಾಣಲ್ಲ ಅಂತ ಗೊತ್ತಿದ್ದೂ ಯಾಕೆ ಬೀಸ್ತೀಯ ಅಂತ ಕೇಳಿದೆ. ಹಡಗನ್ನು ತಂದವನು ನೀನು ತಾನೇ ಅಂದಳು" ಎಂದರು. ಮಾರ್ಜರಿ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಹಡಗುಗಳಿಗೆ ಉಗಿ ಹೋಗಿ ಗುಂಡಿ ಒತ್ತಿ ಓಡಿಸುವ ಯಂತ್ರ ಬಂದಾಗ, ಇನ್ನು ತನಗಿಲ್ಲೇನು ಕೆಲಸ ಎಂದು ಇವರು ನಿವೃತ್ತಿ ತೆಗೆದುಕೊಂಡಿದ್ದರು. ಹೆಂಡತಿ ಹೋದ ಮೇಲೆ ಹಾಳುಬಿದ್ದ ಈ ದೋಣಿ ಕೊಂಡು, ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದರು. ದೋಣಿಯ ಇಂಜಿನ್ನಿಗೆ ಗೋಡೆಯಿಲ್ಲ, ಚಾವಣಿಯಿಲ್ಲ. ಅದನ್ನು ಓಡಿಸುತ್ತ ತಲೆಯೆತ್ತಿ ಸುತ್ತ ನೋಡಬಹುದು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಒಂದು ಸಲ.

ಆದರೆ ಕಣ್ಣು ಹೋಗುತ್ತಿತ್ತು. ಮುಖ ಓರೆ ಮಾಡುತ್ತಿದ್ದದ್ದು ಅದಕ್ಕೇ. ನೇರ ನೋಡಿದರೆ ನಡುವೆ ಬೂದುಬಣ್ಣದ ಮಚ್ಚೆ, ಅಂಚಿನಲ್ಲಿ ಮಾತ್ರ ಕಾಣಿಸುತ್ತದೆ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮುಂದಿನ ಬೇಸಿಗೆಗೆ ಹೇಗಿರುತ್ತದೋ ಹೇಳಲಾರೆ ಎಂದಿದ್ದರು ಮ್ಯಾಂಚೆಸ್ಟರಿನ ಡಾಕ್ಟರು. ಗೇಜಿನ ಮುಳ್ಳು ಓದಲಾಗದವನ ಬಾಯ್ಲರಿಗೆ ಯಾವ ಇನ್ಸ್‌ಪೆಕ್ಟರೂ ಸರ್ಟಿಫಿಕೇಟು ಕೊಡುವುದಿಲ್ಲ. ಸರ್ಟಿಫಿಕೇಟಿಲ್ಲದೆ ದೋಣಿ ನೀರಿಗಿಳಿಯುವಂತಿಲ್ಲ.

"ಗೇಜು ನಾನು ನೋಡ್ತೀನಿ. ನೀವು ಬೇರೆ ಎಲ್ಲ ನೋಡಿ" ಎಂದೆ. ಅಜ್ಜ ಬಹಳ ಹೊತ್ತು ಕೈಯಲ್ಲಿದ್ದ ಚಿಂದಿಯಿಂದ ಕೈಯನ್ನೇ ಒರೆಸಿಕೊಂಡರು.

ಆ ಬೇಸಿಗೆ ಇಂಗ್ಲೆಂಡಿಗೆ ಹುಚ್ಚು ಹಿಡಿದಂತೆ ಬಿಸಿಲು ಬಂತು. ಊರಿಗೆ ಊರೇ ಚಡ್ಡಿಯಲ್ಲಿ ತಿರುಗುತ್ತಿತ್ತು. ನಾವಿಬ್ಬರೂ ಗ್ಯಾರೇಜಿನಲ್ಲಿ ಪೈಪು ಉಜ್ಜಿದೆವು, ವಾಲ್ವು ಬಿಚ್ಚಿ ಕೂರಿಸಿದೆವು. ಅಜ್ಜ ಕಣ್ಣಿನಿಂದ ಮಾಡಲಾಗದ್ದನ್ನು ಬೆರಳಿನಿಂದ ಮಾಡುತ್ತಿದ್ದರು. ನಟ್ಟಿನ ಮೇಲೆ ಬೆರಳಾಡಿಸಿ ಅಳತೆ ಹೇಳಿದರೆ ಒಂದು ಸಲವೂ ತಪ್ಪುತ್ತಿರಲಿಲ್ಲ. ಸಂಜೆ ನಾನು ಮನೆಗೆ ಬಂದರೆ ಮೈಯೆಲ್ಲ ಎಣ್ಣೆ, ಬಾಯಲ್ಲಿ ಹಾಡು.

"ಅಲ್ಲಲೇ ಭಾಗ್ಯಾ, ಲಗ್ನಾದಾಗಿಂದ ನನ್ನ ಕೂಡ ಇಷ್ಟ್ ಮಾತಾಡಿಲ್ಲ ನೀ, ಆ ಬಾಯ್ಲರ್ ಕೂಡ ಏನ್ ಅಷ್ಟ್ ಮಾತಾಡಾಕತ್ತಿ?" ಎನ್ನುತ್ತಿದ್ದ ಗಿರೀಶ.

"ಅದು ಮಧ್ಯೆ ಬಾಯಿ ಹಾಕಲ್ಲ ಕಣೋ."

ಜುಲೈ ಕೊನೆಗೆ ಇನ್ಸ್‌ಪೆಕ್ಟರ್ ಬರುವ ದಿನ ಗೊತ್ತಾಯಿತು. ಲೀಡ್ಸ್ ಕಡೆಯವರು, ಹಾಲ್ರಾಯ್ಡ್ ಎಂದು, ಮಾತಿಗೆ ರೇಷನ್ ಇಟ್ಟವರಂತಿದ್ದರು. ಪರೀಕ್ಷೆ ಹೀಗೆ: ಬಾಯ್ಲರಿನ ತುಂಬ ತಣ್ಣೀರು ತುಂಬಿಸಿ, ಕೈಪಂಪಿನಿಂದ ಒತ್ತಡ ಏರಿಸಿ, ನೂರೈವತ್ತು ಪೌಂಡಿಗೆ ನಿಲ್ಲಿಸಬೇಕು. ಅರ್ಧ ಗಂಟೆ ಮುಳ್ಳು ಅಲ್ಲಾಡಬಾರದು, ಎಲ್ಲೂ ಒಂದು ಹನಿ ಒಸರಬಾರದು.

ಆ ದಿನ ಬೆಳಗ್ಗೆ ನಾನು ಸಕ್ಕರೆ ಕಾರ್ಖಾನೆಯ ಹುಡುಗಿಯಾಗಿಬಿಟ್ಟೆ. ಅಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಗುವಾಗ ಬಾಯ್ಲರಿಗೆ ಪೂಜೆ ಮಾಡದೆ ಯಾರೂ ಬೆಂಕಿ ಹಾಕುವುದಿಲ್ಲ. ಅಜ್ಜ ಬರುವ ಮೊದಲೇ ಹೋಗಿ ಅರಿಸಿನ ಕಲಸಿ, ಬೆಂಕಿಬಾಗಿಲಿಗೆ, ಚಿಮಣಿಗೆ, ಒಂದೊಂದು ವಾಲ್ವಿನ ಕೆಳಗೂ ಬೊಟ್ಟಿಟ್ಟು, ಮೇಲೆ ಧಾರಾಳವಾಗಿ ಕುಂಕುಮ ಹಚ್ಚಿದೆ. ಬಾಳೆಹಣ್ಣಿಗೆ ಊದುಬತ್ತಿ ಸಿಕ್ಕಿಸಿ ಕೈ ಮುಗಿದೆ. ಅಜ್ಜ ಬಂದು ಮೂಗರಳಿಸಿ, "ಇವತ್ತು ಗ್ಯಾರೇಜು ಚರ್ಚಿನ ವಾಸನೆ ಹೊಡೀತಿದೆ" ಎಂದರು. ಬೊಟ್ಟು ಅವರಿಗೆ ಕಂಡಿರಲಿಲ್ಲ. ಒರೆಸುವಷ್ಟರಲ್ಲಿ ಇನ್ಸ್‌ಪೆಕ್ಟರ ಕಾರು ಬಂತು.

ನಾನು ಪಂಪು ಒತ್ತಿದೆ. ನೂರು, ನೂರಿಪ್ಪತ್ತು, ನೂರೈವತ್ತು. ಹಾಲ್ರಾಯ್ಡ್ ಟಾರ್ಚು ಹಿಡಿದು ಸುತ್ತು ಹಾಕಿದರು. ನೀರು ಒಳಹೋಗುವ ವಾಲ್ವಿನ ಬಳಿ ನಿಂತರು. ಬಗ್ಗಿದರು. ಅಲ್ಲಿಂದ ಬಾಯ್ಲರಿನ ಹೊಟ್ಟೆಯ ಮೇಲೆ ತೆಳ್ಳಗೆ ಒಂದು ಕೆಂಪು ಗೆರೆ ಇಳಿಯುತ್ತಿತ್ತು.

"ತುಕ್ಕಿನ ನೀರು. ಒಳಗಿನಿಂದ ತಿಂದುಹೋಗಿದೆ" ಎಂದು ಹೇಳಿ ಪೆನ್ನು ತೆಗೆದರು.

ಅಜ್ಜನ ಮುಖ ಬಿಳಿಚಿತು. ಹನ್ನೊಂದು ವರ್ಷ ಒಂದೇ ಮಾತಿನಲ್ಲಿ ಹೋಗುವುದಿತ್ತು. ಅವರು ನನ್ನ ಕಡೆ ತಿರುಗಿ, "ಚೀಫ್, ತುಕ್ಕಾ?" ಎಂದು ಕೇಳಿದರು. ಅವರಿಗೆ ನೋಡಲು ಆಗುತ್ತಿರಲಿಲ್ಲ, ನನ್ನ ಮಾತೇ ಅವರ ಕಣ್ಣು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತುಕ್ಕಲ್ಲ ಅಜ್ಜ. ಕುಂಕುಮ. ನಾನೇ ಇಟ್ಟದ್ದು. ಪೂಜೆಗೆ."

ಹಾಲ್ರಾಯ್ಡ್ ಬೆರಳಿನಿಂದ ಗೆರೆ ಮುಟ್ಟಿ ಮೂಸಿ ನೋಡಿದರು. ಪೆನ್ನು ಜೇಬಿಗೆ ಹೋಯಿತು. ನನಗೆ ಜೀವ ಬಂತು ಎನ್ನುವಷ್ಟರಲ್ಲಿ, "ಆದರೆ ಪುಡಿ ತಾನಾಗಿ ನಡೆಯೋದಿಲ್ಲ" ಎಂದರು. ನಿಜ. ಬೊಟ್ಟು ಒಣಗಿತ್ತು. ಹರಿಯಬೇಕಾದರೆ ಎಲ್ಲಿಂದಲೋ ನೀರು ಬಂದಿರಬೇಕು.

ಅಜ್ಜ ಒಮ್ಮೆಗೇ ನಗಲು ಶುರು ಮಾಡಿದರು. "ಚಾಕ್‌ಪೀಸು! ನಾವು ಹಡಗಿನಲ್ಲಿ ಅನುಮಾನದ ಜಾಗಕ್ಕೆಲ್ಲ ಚಾಕ್‌ಪೀಸು ಬಳಿಯುತ್ತಿದ್ದೆವು. ಒಸರಿದರೆ ಬಣ್ಣ ಬದಲಾಗುತ್ತಿತ್ತು. ನಿಮ್ಮವರು ಅದಕ್ಕೆ ಕೆಂಪು ಬಣ್ಣ ಇಟ್ಟುಕೊಂಡಿದ್ದಾರೆ. ನಮಗಿಂತ ಬುದ್ಧಿವಂತರು!"

ಒತ್ತಡ ಇಳಿಸಿ ವಾಲ್ವು ಬಿಚ್ಚಿದೆವು. ಅಜ್ಜ ಒಳಗಿನ ತಾಮ್ರದ ವಾಷರನ್ನು ತೆಗೆದು ಉಗುರಿನಿಂದ ಸವರಿದರು. "ಇದು ಹೊಸದಲ್ಲ."

ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ನಾವು ಹಳೆಯ ವಾಷರನ್ನು ಎಸೆದವರೇ ಅಲ್ಲ, ತಿರುಗಿಸಿ ಹಾಕುವುದು. ದೋಸೆ ಮಗುಚಿದಂತೆ ಅದನ್ನೂ ಮಗುಚಿ ಹಾಕಿದ್ದೆ. ಅಲ್ಲಿ ಬಾಯ್ಲರುಗಳು ದೊಡ್ಡವು, ಸ್ಟೋರ್ ಕೀಪರು ಜಿಪುಣ, ಹೇಗೋ ನಡೆಯುತ್ತಿತ್ತು. "ನನ್ನ ತಪ್ಪು ಅಜ್ಜ" ಎಂದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ತಪ್ಪು ತಿರುಗಿಸಿ ಹಾಕಿದ್ದಲ್ಲ. ಮೆತ್ತಗೆ ಮಾಡದೆ ಹಾಕಿದ್ದು" ಎಂದು ಅಡುಗೆಮನೆಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಇನ್ಸ್‌ಪೆಕ್ಟರ್. ಅಜ್ಜ ಗ್ಯಾಸ್ ಒಲೆ ಹಚ್ಚಿ, ಇಕ್ಕಳದಲ್ಲಿ ವಾಷರು ಹಿಡಿದರು. ಒಮ್ಮೆ ಬಿಗಿದ ತಾಮ್ರ ಗಡುಸಾಗಿರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗಿ ಜಾಗಕ್ಕೆ ಒಗ್ಗಿಕೊಳ್ಳುತ್ತದೆ.

"ಬಣ್ಣ ಹೇಳು ಚೀಫ್."

"ಇನ್ನೂ ಕಪ್ಪು... ಕಂದು... ಈಗ ಕೆಂಪು."

"ಯಾವ ಕೆಂಪು?"

"ಕುಂಕುಮದ್ದೇ."

ಚುಂಯ್ ಎಂದು ನೀರಿಗೆ ಬಿತ್ತು. ಮಾತಿಗೆ ರೇಷನ್ ಇಟ್ಟಿದ್ದ ಹಾಲ್ರಾಯ್ಡ್ ಆಗ ನಕ್ಕರು. ಮತ್ತೆ ನೂರೈವತ್ತು ಪೌಂಡು. ಅರ್ಧ ಗಂಟೆ ಮೂವರೂ ಒಂದೇ ಮುಳ್ಳನ್ನು ಕಾಯುತ್ತ ಕೂತೆವು, ಅಜ್ಜ ಮುಖ ಓರೆ ಮಾಡಿಕೊಂಡು. ಮುಳ್ಳು ಮಿಸುಕಲಿಲ್ಲ. ಹೋಗುವಾಗ ಇನ್ಸ್‌ಪೆಕ್ಟರ್ ನನ್ನ ಕೈ ಕುಲುಕಿ, ಆ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇವತ್ತು ನಾನೂ ಅದೇ ಉದ್ಯೋಗದಲ್ಲಿದ್ದೇನೆ. ನನ್ನ ಟೂಲ್ ಬ್ಯಾಗಿನಲ್ಲಿ ಸ್ಪ್ಯಾನರುಗಳ ಜೊತೆ ಒಂದು ಕುಂಕುಮದ ಭರಣಿ ಯಾಕಿದೆ ಎಂದು ಯಾರಾದರೂ ಕೇಳಿದರೆ ಈ ಕತೆ ಹೇಳುತ್ತೇನೆ.

ಮರುವಾರ ಉಗಿಯ ಪರೀಕ್ಷೆಯೂ ಆಯಿತು. ಆಗಸ್ಟಿನ ಒಂದು ಶನಿವಾರ ದೋಣಿ ನೀರಿಗೆ ಬಿಡುವುದೆಂದಾಯಿತು. ಹಿಂದಿನ ಸಂಜೆ ನಾನು ಗಿರೀಶನಿಗೆ ಕೇಳಿದೆ.

"ನಾಳೆ ಮಧ್ಯಾಹ್ನ ಮೂರನೇ ಸೇತುವೆ ಮೇಲೆ ನಿಂತ್ಕೊಂಡು ಕೈ ಬೀಸ್ಬೇಕು. ಅಷ್ಟೇ ಕೆಲಸ."

"ನಾಳೆ ನಂದು ಮಧ್ಯಾಹ್ನದ ಪಾಳಿ ಐತಿ. ರೋಟಾ ಅಂದ್ರ ನಮ್ಮಪ್ಪನ ಮನೀ ಗಡಿಯಾರ ಏನ್, ಬೇಕಾದಂಗ ತಿರಗಸಾಕ?"

"ಯಾರೂ ಇಲ್ದೇ ಹೋದ್ರೆ ಅಜ್ಜಂಗೆ ಬೇಜಾರಾಗುತ್ತೆ ಕಣೋ."

"ನೋಡೋಣಂತ" ಎಂದು ಹೇಳಿ ಮಲಗಿದ. ಧಾರವಾಡದವರ 'ನೋಡೋಣಂತ'ಕ್ಕೆ ಅರ್ಥ ಕಟ್ಟುವುದು ಬಹಳ ಕಷ್ಟ.

ಶನಿವಾರ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮನ್ ಡೆರೆಕ್ ತಮ್ಮ ವ್ಯಾನಿಗೆ ದೋಣಿ ಕಟ್ಟಿ ಕಾಲುವೆಗೆ ತಂದರು. ಚುಕ್ಕಾಣಿಗೂ ಅವರೇ. ನಡುವೆ ಇಂಜಿನ್ನಿನ ಪಕ್ಕ ಅಜ್ಜ, ಹಳೆಯ ನೌಕಾಪಡೆಯ ಟೋಪಿ ಹಾಕಿಕೊಂಡು ಎದೆಯುಬ್ಬಿಸಿ ಕೂತರು. ಅವರ ಕಾಲ ಬುಡದಲ್ಲಿ, ಬಾಯ್ಲರಿನ ಎದುರು ಮೊಣಕಾಲೂರಿ ನಾನು. ದೋಣಿಯ ಮೂತಿಯ ಮೇಲೆ 'ಮಾರ್ಜರಿ' ಎಂದು ಬರೆದಿತ್ತು.

"ಗಾಜಿನಿಂದ ಕಣ್ಣು ತೆಗೀಬಾರದು ಚೀಫ್. ಏನೇ ಆದರೂ."

"ಆಯ್ತು ಅಜ್ಜ."

ಹಿಡಿಕೆ ತಿರುಗಿಸಿದರು. ಇಂಜಿನ್ ಒಮ್ಮೆ ನಿಟ್ಟುಸಿರು ಬಿಟ್ಟು ತಟಕ್ ತಟಕ್ ಎಂದು ಹೊರಟಿತು. ದಂಡೆ ಹಿಂದೆ ಸರಿಯಿತು. ನನಗೆ ಕಿರುಚಬೇಕೆನ್ನಿಸಿತು, ಕಿರುಚಿಯೂ ಬಿಟ್ಟೆ.

"ನೀರು?"

"ಅರ್ಧ ಗಾಜು."

"ಒತ್ತಡ?"

"ಎಂಬತ್ತೈದು."

"ಎಡಕ್ಕೆ ಬಾತುಕೋಳಿ. ಏಳು ಮರಿ. ಬಲಕ್ಕೆ ಒಬ್ಬ ಬಟ್ಟೆ ಒಣಹಾಕ್ತಿದಾನೆ. ಅಯ್ಯೋ, ಎಂಥ ಚಡ್ಡಿ!"

ನನಗಾಗ ಹೊಳೆಯಿತು. ಕಾಲುವೆಯಲ್ಲಿ ಮುಂದಕ್ಕೆ ನೋಡಲು ನೀರು ಬಿಟ್ಟರೆ ಏನೂ ಇಲ್ಲ. ಚಂದವೆಲ್ಲ ಎರಡು ಪಕ್ಕದಲ್ಲಿ. ಅವರ ಕಣ್ಣು ಉಳಿಸಿಕೊಂಡಿದ್ದೂ ಅಷ್ಟನ್ನೇ. ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತಿದ್ದರು, ಹಸು, ಗೇಟು, ಗುಲಾಬಿ, ನಾಯಿ. ಮೂವತ್ತನಾಲ್ಕು ವರ್ಷದ ಬಾಕಿ ಎಂಬಂತೆ ನೋಡುತ್ತಿದ್ದರು. ನಾನು ಇದ್ದಲು ಹಾಕುತ್ತ, ಗಾಜು ನೋಡುತ್ತ, ಹೂಂಗುಟ್ಟುತ್ತಿದ್ದೆ. ಎರಡು ಸೇತುವೆ ದಾಟಿದೆವು. ಕಾಲುವೆ ಬಾಗುವ ಕಡೆ ಅವರ ಮಾತು ನಿಂತಿತು.

"ಚೀಫ್. ಸೇತುವೆ ಮೇಲೆ ಏನೋ ಹಳದಿ ಕಾಣ್ತಿದೆ."

ನಾನು ಉತ್ತರ ಕೊಡುವ ಮೊದಲೇ ಮೇಲಿನಿಂದ ಕೂಗು ಬಂತು. "ಅಜ್ಜಾರss! ಇಲ್ಲಿ ನೋಡ್ರಿ, ಇಲ್ಲಿ!" ಗಿರೀಶನೇ. ಅವನ ಜೊತೆ ಇನ್ನೂ ಏಳೆಂಟು ಗಂಟಲು. ಪಾಳಿ ಬದಲಿಸಿಕೊಂಡು ಬೆಳಗಿನ ಕೆಲಸದಿಂದ ನೇರ ಬಂದಿದ್ದ, ಕಾರ್ಖಾನೆಯ ಗೆಳೆಯರನ್ನೂ ಕರೆತಂದಿದ್ದ. ಎಲ್ಲರೂ ತಮ್ಮ ಹೊಳೆಯುವ ಹಳದಿ ಜಾಕೆಟ್ಟು ಬಿಚ್ಚಿ ಬೀಸುತ್ತಿದ್ದರಂತೆ. ಟೋಪಿಯ ಸುದ್ದಿ ನಾನು ಅವನಿಗೆ ಹೇಳಿರಲಿಲ್ಲ.

"ಯಾರಿಗೆ ಕೈ ಬೀಸ್ತಿದಾರೆ?" ಅಜ್ಜನ ದನಿ ಸಣ್ಣಗಾಗಿತ್ತು.

"ನಿಮಗೇ ಅಜ್ಜ. ಹಡಗು ತಂದವರು ನೀವು ತಾನೇ."

ತಲೆಯ ಮೇಲೆ ದೋಣಿಯ ಉಗಿ ಸೀಟಿ ಕೂಗಿತು. ಉದ್ದಕ್ಕೆ, ಸೇತುವೆ ದಾಟುವವರೆಗೂ.

ಅಜ್ಜ ಇನ್ನೂ ನಾಲ್ಕು ಬೇಸಿಗೆ ದೋಣಿ ಓಡಿಸಿದರು. ಆದರೆ ಗಿರೀಶ ಎಲ್ಲರಿಗೂ ಹೇಳುವುದು ಆ ಶನಿವಾರದ ಸುದ್ದಿಯನ್ನೇ: ಅಜ್ಜ ದೋಣಿಯಲ್ಲಿ ಎದ್ದು ನಿಂತದ್ದು, ಟೋಪಿ ತೆಗೆದು ಎರಡೂ ಕೈಯಲ್ಲಿ ಬೀಸಿದ್ದು, ಅಳುತ್ತ ನಕ್ಕದ್ದು. ಹೇಳಿ ಮುಗಿಸಿ ಪ್ರತಿ ಸಲವೂ ನನ್ನ ಕಡೆ ತಿರುಗುತ್ತಾನೆ. "ನೀ ಅಲ್ಲೇ ಇದ್ದೆಲ್ಲಾ, ಹೆಂಗಿತ್ತು ಮುದುಕಪ್ಪನ ಮಾರಿ? ಹೇಳು ಇವರಿಗೆ."

"ನಾನು ನೋಡಲಿಲ್ಲ ಕಣೋ" ಎನ್ನುತ್ತೇನೆ. "ನೀರು ಅರ್ಧ ಗಾಜು ಇತ್ತು. ಒತ್ತಡ ತೊಂಬತ್ತು."